ಮೊಳಕೆಯಲ್ಲಿ ಕಾಣದ ಸಿರಿ

(ಉಪನ್ಯಾಸದ ಬರಹ ರೂಪ)



ನ್ಯಾಯಾಧೀಶರ ಮುಂದೆ, ಪೊಲೀಸರ ಮುಂದೆ, ಮನೋವೈದ್ಯರ ಮುಂದೆ, ಕೊನೆಗೆ ಹೆತ್ತ ತಾಯಿಯ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುವುದುಂಟು. ಒಮ್ಮೆ ಕೈ ಮಾಡಿದ ಈ ಹುಡುಗ ಮತ್ತೆ ಕೈ ಮಾಡುತ್ತಾನೆಯೇ? ಹದಿನಾರು ವರ್ಷದವನೊಬ್ಬ ಬೀದಿ ಜಗಳದಲ್ಲಿ ಚೂರಿ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಆಗಿಹೋದ ಕೃತ್ಯಕ್ಕೆ ಸಾಕ್ಷಿ ಇದೆ, ಪಂಚನಾಮೆ ಇದೆ. ಆಗಲಿರುವ ಕೃತ್ಯಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಆದರೂ ಯಾರಾದರೂ ಒಂದು ಉತ್ತರ ಹೇಳಲೇಬೇಕು. ಅವನನ್ನು ಮನೆಗೆ ಕಳುಹಿಸುವುದೋ, ವೀಕ್ಷಣಾಲಯದಲ್ಲಿ ಇರಿಸುವುದೋ ಎಂಬುದು ಆ ಉತ್ತರದ ಮೇಲೆ ನಿಂತಿದೆ. ಊಹೆ ಒಂದು ಕಡೆ ತಪ್ಪಿದರೆ ಇನ್ನೊಂದು ಮನೆಯ ಮಗ ಸಾಯಬಹುದು. ಇನ್ನೊಂದು ಕಡೆ ತಪ್ಪಿದರೆ ಈ ಹುಡುಗನ ಬಾಳೇ ಹಾಳಾಗಬಹುದು.

ಕನ್ನಡದ ಗಾದೆಗಳು ಈ ವಿಷಯದಲ್ಲಿ ಬಹಳ ಹಿಂದೆಯೇ ತೀರ್ಪು ಕೊಟ್ಟುಬಿಟ್ಟಿವೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎನ್ನುತ್ತದೆ ಒಂದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಕೇಳುತ್ತದೆ ಇನ್ನೊಂದು. ಮುಂದೆ ಆಗುವುದೆಲ್ಲ ಈಗಲೇ ಇಲ್ಲಿದೆ, ನೋಡುವ ಕಣ್ಣು ಬೇಕಷ್ಟೆ ಎಂಬ ನಂಬಿಕೆ ಎರಡರಲ್ಲೂ ಇದೆ. ಇಪ್ಪತ್ತನೆಯ ಶತಮಾನದ ಅಪರಾಧಶಾಸ್ತ್ರ ಅಂಥ ಕಣ್ಣಿಗಾಗಿಯೇ ಹುಡುಕಾಡಿತು. ಹುಡುಕಾಟದಲ್ಲಿ ಅದಕ್ಕೆ ಏನು ಕಂಡಿತು, ಬಹುಕಾಲ ಏನು ಕಾಣದೇ ಹೋಯಿತು ಎಂಬುದು ತಿಳಿಯತಕ್ಕ ಕಥೆ.

1928ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಅವರು ಇಲಿನಾಯ್ ರಾಜ್ಯದಲ್ಲಿ ಪೆರೋಲ್ ಮೇಲೆ ಹೊರಬಂದ ಮೂರು ಸಾವಿರ ಕೈದಿಗಳ ಕಡತ ತಿರುವಿಹಾಕಿ 21 ಅಂಶಗಳ ಪಟ್ಟಿಯೊಂದನ್ನು ತಯಾರಿಸಿದರು. ಅಪರಾಧ ಯಾವುದು, ಹಿಂದೆ ಕೆಲಸವಿತ್ತೇ, ಯಾವ ಬಗೆಯ ಬಡಾವಣೆಯವನು, ಹೀಗೆ. ಜೀವವಿಮೆಯವರು ಆಯುಷ್ಯದ ಲೆಕ್ಕ ಹಾಕುವಂತೆ ಅಂಕಗಳನ್ನು ಕೂಡಿಸಿ, ಯಾರು ಷರತ್ತು ಮುರಿಯುತ್ತಾರೆ ಎಂದು ಅಂದಾಜಿಸುವುದು ಅವರ ವಿಧಾನ. ಅದು ವಯಸ್ಕರ ಮಾತಾಯಿತು. ಮಕ್ಕಳ ವಿಷಯದಲ್ಲಿ ಈ ಕೆಲಸಕ್ಕೆ ಇಳಿದವರು ಹಾರ್ವರ್ಡ್‌ನ ದಂಪತಿ, ಶೆಲ್ಡನ್ ಮತ್ತು ಎಲಿನರ್ ಗ್ಲೂಕ್. ಶೆಲ್ಡನ್ ಅಲ್ಲಿನ ಕಾನೂನು ಶಾಲೆಯ ಪ್ರಾಧ್ಯಾಪಕರು. ಅಷ್ಟೇ ದುಡಿದ ಎಲಿನರ್ ಅವರಿಗೆ ಸಂಶೋಧನಾ ಸಹಾಯಕಿ, ಸಹವರ್ತಿ ಎಂಬ ಹುದ್ದೆಗಳಿಂದಾಚೆಗೆ ಬಡ್ತಿ ಸಿಗಲೇ ಇಲ್ಲ. ಅದೂ ಆ ಕಾಲದ ಒಂದು ನ್ಯಾಯ!

1940ರಲ್ಲಿ ಇವರು ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಸುಧಾರಣಾ ಶಾಲೆಗಳಿಂದ 500 ಬಾಲಾಪರಾಧಿಗಳನ್ನು ಆರಿಸಿದರು. ಬಾಸ್ಟನ್ನಿನ ಸರಕಾರಿ ಶಾಲೆಗಳಿಂದ, ಅಪರಾಧದ ದಾಖಲೆಯಿಲ್ಲದ ಇನ್ನು 500 ಹುಡುಗರನ್ನು ಆರಿಸಿದರು. ವಯಸ್ಸು, ಜನಾಂಗಮೂಲ, ಬುದ್ಧಿಮತ್ತೆ, ವಾಸದ ಕೇರಿಯ ಬಡತನ, ಈ ನಾಲ್ಕರಲ್ಲೂ ಒಬ್ಬೊಬ್ಬ ಅಪರಾಧಿಗೆ ಒಬ್ಬೊಬ್ಬ ಜೋಡಿ. ಅನಂತರ ಶುರುವಾಯಿತು ವಿಚಾರಣೆ. ಮನೆಗೆ ಹೋದರು, ತಂದೆತಾಯಿಯರನ್ನು ಮಾತನಾಡಿಸಿದರು, ಮೇಷ್ಟ್ರುಗಳನ್ನು ಕೇಳಿದರು, ಮೈಕಟ್ಟನ್ನೂ ಅಳೆದರು. ಇಪ್ಪತ್ತೈದು ಮತ್ತು ಮೂವತ್ತೆರಡರ ವಯಸ್ಸಿನಲ್ಲಿ ಅದೇ ಹುಡುಗರನ್ನು ಮತ್ತೆ ಹುಡುಕಿದರು. 1950ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಒಂದು ಮುನ್ನೋಟದ ಕೋಷ್ಟಕವಿತ್ತು. ತಂದೆಯ ಶಿಸ್ತು, ತಾಯಿಯ ಮೇಲ್ವಿಚಾರಣೆ, ತಂದೆಯ ಅಕ್ಕರೆ, ತಾಯಿಯ ಅಕ್ಕರೆ, ಮನೆಯವರ ಒಗ್ಗಟ್ಟು, ಈ ಐದನ್ನು ಅಳೆದರೆ ಮಗು ಆರರ ವಯಸ್ಸಿನಲ್ಲಿರುವಾಗಲೇ ಅದು ಮುಂದೆ ಅಪರಾಧಿಯಾಗುವ ಸಂಭವ ಎಷ್ಟೆಂದು ಹೇಳಬಹುದು ಎಂದರು. ಗಾದೆಗೆ ಅಂಕಿಗಳ ಆಧಾರ ಸಿಕ್ಕಿದಂತಾಯಿತು.

1952ರಲ್ಲಿ ನ್ಯೂಯಾರ್ಕ್ ನಗರದ ಯೂತ್ ಬೋರ್ಡ್ ಈ ಕೋಷ್ಟಕವನ್ನು ಒಂದನೆಯ ತರಗತಿಗೆ ಸೇರಿದ ಹುಡುಗರ ಮೇಲೆ ಪರೀಕ್ಷೆಗೊಡ್ಡಿತು. ವರ್ಷಗಳು ಕಳೆದಂತೆ, ಅಪರಾಧಿಗಳಾಗುತ್ತಾರೆ ಎಂದು ಗುರುತು ಹಾಕಿಸಿಕೊಂಡವರಲ್ಲಿ ಅನೇಕರು ತಮ್ಮ ಪಾಡಿಗೆ ಶಾಲೆ, ಕೆಲಸ ಎಂದು ಬದುಕಿಕೊಂಡರು. ಕೋಷ್ಟಕ ಕೆಡುಕನ್ನು ಇದ್ದುದಕ್ಕಿಂತ ಹೆಚ್ಚಾಗಿ ಕಂಡಿತ್ತು.

ಹೀಗೇಕಾಗುತ್ತದೆ ಎಂಬುದಕ್ಕೆ ಹೆಚ್ಚು ಗಣಿತ ಬೇಕಿಲ್ಲ. ಬರಿಯ ಲೆಕ್ಕಕ್ಕಾಗಿ ಒಂದು ಸಾವಿರ ಹುಡುಗರನ್ನು ತೆಗೆದುಕೊಳ್ಳಿ. ಅವರಲ್ಲಿ ನೂರು ಮಂದಿ ಮುಂದೆ ಹಿಂಸೆಗಿಳಿಯುವವರು ಎನ್ನಿ. ಅಳತೆಗೋಲು ಬಹಳ ಒಳ್ಳೆಯದೇ ಇದೆ, ನೂರಕ್ಕೆ ಎಂಬತ್ತರಷ್ಟು ಸರಿ ಹೇಳುತ್ತದೆ. ಆಗ ಹಿಂಸೆಗಿಳಿಯುವ ನೂರರಲ್ಲಿ ಎಂಬತ್ತು ಮಂದಿ ಸಿಕ್ಕಿಬೀಳುತ್ತಾರೆ. ಆದರೆ ಉಳಿದ ಒಂಬೈನೂರು ನಿರುಪದ್ರವಿಗಳಲ್ಲಿ ನೂರಕ್ಕೆ ಇಪ್ಪತ್ತರಂತೆ 180 ಮಂದಿಯೂ ಅದೇ ಬಲೆಗೆ ಬೀಳುತ್ತಾರೆ. 'ಅಪಾಯಕಾರಿ' ಎಂಬ ಹಣೆಪಟ್ಟಿ ಹೊತ್ತ 260 ಹುಡುಗರಲ್ಲಿ ಮೂರರಲ್ಲಿ ಎರಡು ಪಾಲಿನವರ ಮೇಲೆ ಅದು ಸುಳ್ಳು. ಅಪರೂಪವಾದುದನ್ನು ಮೊದಲೇ ಹೇಳಹೊರಟ ಯಾವ ಶಾಸ್ತ್ರಕ್ಕೂ ಈ ತೊಡಕು ತಪ್ಪಿದ್ದಲ್ಲ. 1981ರಲ್ಲಿ ಜಾನ್ ಮೊನಾಹನ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗಲೂ, ಮನೋವೈದ್ಯರು 'ಇವನು ಹಿಂಸೆ ಮಾಡುತ್ತಾನೆ' ಎಂದ ಪ್ರತಿ ಮೂರು ಸಲದಲ್ಲಿ ಸರಿಯಾದದ್ದು ಹೆಚ್ಚೆಂದರೆ ಒಂದು ಸಲ ಎಂದು ಕಂಡುಬಂದಿತು.

ಲೆಕ್ಕ ಗೊತ್ತಿದ್ದವರೂ ಭಯ ಬಂದಾಗ ಲೆಕ್ಕ ಮರೆಯುತ್ತಾರೆ. 1995ರಲ್ಲಿ ಪ್ರಿನ್ಸ್‌ಟನ್‌ನ ರಾಜ್ಯಶಾಸ್ತ್ರಜ್ಞ ಜಾನ್ ಡಿಯುಲಿಯೋ ಅವರು 'ಸೂಪರ್ ಪ್ರಿಡೇಟರ್', ಅಂದರೆ ಮಹಾ ಹಿಂಸ್ರಪಶುಗಳಂಥ ಹುಡುಗರ ಪೀಳಿಗೆಯೊಂದು ಅಮೆರಿಕದ ಮೇಲೆ ಎರಗಲಿದೆ ಎಂದು ಬರೆದರು. ಪತ್ರಿಕೆಗಳು ಆ ಮಾತನ್ನು ಎತ್ತಿಕೊಂಡವು. ಆ ದಶಕದಲ್ಲಿ ಬಹುತೇಕ ಎಲ್ಲ ರಾಜ್ಯಗಳೂ ಹದಿಹರೆಯದವರನ್ನು ವಯಸ್ಕರ ನ್ಯಾಯಾಲಯಕ್ಕೆ ಕಳುಹಿಸುವ ದಾರಿಯನ್ನು ಅಗಲ ಮಾಡಿದವು. ಆದರೆ ಅಲ್ಲಿ ಹಿಂಸೆಗಾಗಿ ಬಂಧಿತರಾದ ಹುಡುಗರ ಪ್ರಮಾಣ 1994ರಲ್ಲಿಯೇ ತುದಿ ಮುಟ್ಟಿ ಇಳಿಯತೊಡಗಿತ್ತು, ಮುಂದೆ ಅರ್ಧಕ್ಕಿಂತಲೂ ಕೆಳಗೆ ಬಂದಿತು. ಪಶುಗಳು ಬರಲೇ ಇಲ್ಲ. 2012ರಲ್ಲಿ ಮಿಲ್ಲರ್ ಮೊಕದ್ದಮೆಯಲ್ಲಿ, ಬಾಲಕರಿಗೆ ಬಿಡುಗಡೆಯಿಲ್ಲದ ಆಜೀವ ಸೆರೆಯನ್ನು ಕಡ್ಡಾಯವಾಗಿ ವಿಧಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಆ ಭವಿಷ್ಯವಾಣಿ ನಿಜವಾಗಲಿಲ್ಲ ಎಂದು ತಜ್ಞರು ಆಗ ಸಲ್ಲಿಸಿದ ಹೇಳಿಕೆಗೆ ಡಿಯುಲಿಯೋ ಅವರೂ ಸಹಿ ಹಾಕಿದರು. ತಪ್ಪನ್ನು ಒಪ್ಪಿಕೊಂಡದ್ದು ದೊಡ್ಡತನವೇ. ಈ ನಡುವೆ ಒಳಗೆ ಹೋದ ಹುಡುಗರು ಮಾತ್ರ ನಡುವಯಸ್ಕರಾಗಿದ್ದರು.

ಹಾಗಾದರೆ ಮೊಳಕೆ ನೋಡಿದವರ ಕಣ್ಣಿಗೆ ಬೀಳದೇ ಹೋದದ್ದು ಏನು? ಉತ್ತರ ಬಂದದ್ದು ಸೆರೆಮನೆಗಳಿಂದ ಬಹುದೂರದ ಒಂದು ದ್ವೀಪದಿಂದ. ಹವಾಯಿಗೆ ಸೇರಿದ ಕವಾಯಿ ಎಂಬ ಪುಟ್ಟ ದ್ವೀಪ. ಕಬ್ಬು ಮತ್ತು ಅನಾನಸ್ ತೋಟಗಳಲ್ಲಿ ದುಡಿಯಲು ಬಂದ ಜಪಾನಿ, ಫಿಲಿಪಿನೋ ಕೂಲಿಗಳ, ಮೂಲ ಹವಾಯಿಯವರ ಕುಟುಂಬಗಳಿದ್ದ ನೆಲ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಮತ್ತು ಅವರ ಸಂಗಡಿಗರು ಗರ್ಭದಿಂದ ಹಿಡಿದು ನಲವತ್ತರ ವಯಸ್ಸಿನವರೆಗೆ ಬಿಡದೆ ಗಮನಿಸಿದರು. ಸುಮಾರು ಮೂರನೆಯ ಒಂದು ಪಾಲು ಮಕ್ಕಳ ಪಾಡು ಕಷ್ಟದ್ದು. ಹೆರಿಗೆಯಲ್ಲಿ ತೊಂದರೆ, ಕಡುಬಡತನ, ಕುಡಿಯುವ ಅಪ್ಪ ಅಥವಾ ಮಾನಸಿಕ ಕಾಯಿಲೆಯ ಅಮ್ಮ, ಮುರಿದ ಸಂಸಾರ, ಇಂಥ ನಾಲ್ಕು ಅಥವಾ ಹೆಚ್ಚು ಅಪಾಯಗಳು ಎರಡು ವರ್ಷ ತುಂಬುವುದರೊಳಗೇ ಅವರ ತಲೆಯ ಮೇಲಿದ್ದವು. ಹದಿನೆಂಟರ ಹೊತ್ತಿಗೆ ಇವರಲ್ಲಿ ಹೆಚ್ಚಿನವರು ಕಲಿಕೆ, ನಡತೆ, ಪೊಲೀಸ್ ಎಂದು ಒಂದಿಲ್ಲೊಂದು ತೊಂದರೆಗೆ ಸಿಕ್ಕಿದ್ದರು. ಇಷ್ಟರವರೆಗೆ ಗಾದೆ ಗೆದ್ದಿತು.

ಆದರೆ ಈ ಮಕ್ಕಳಲ್ಲಿ ಮೂವರಿಗೊಬ್ಬರಂತೆ ಏನೂ ಆಗದವರ ಹಾಗೆ ಬೆಳೆದು ನಿಂತಿದ್ದರು! ಓದಿದರು, ದುಡಿದರು, ಪರರಿಗೆ ನೆರವಾಗುವ ಮನುಷ್ಯರಾದರು. ವರ್ನರ್ ಅವರ ಹಿರಿಮೆಯೆಂದರೆ ಇವರನ್ನು ಲೆಕ್ಕದ ತಪ್ಪೆಂದು ಪಕ್ಕಕ್ಕೆ ತಳ್ಳದೆ, ಇವರನ್ನು ಕಾಪಾಡಿದ್ದು ಯಾವುದು ಎಂದು ಕೇಳಿದ್ದು. ಸಿಕ್ಕ ಉತ್ತರಗಳಲ್ಲಿ ಅತಿಶಯವಾದದ್ದು ಏನೂ ಇಲ್ಲ. ಅಪ್ಪಅಮ್ಮ ಅಲ್ಲದಿದ್ದರೂ ಮಗುವನ್ನು ತನ್ನದೆಂದುಕೊಂಡ ಒಬ್ಬ ಹಿರಿಯರು ಇದ್ದರು, ಅಜ್ಜಿಯೋ, ಅತ್ತೆಯೋ, ನೆರೆಮನೆಯವರೋ. ಗುರುತಿಸಿದ ಒಬ್ಬರು ಟೀಚರ್ ಇದ್ದರು. ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವಂಥ ಒಂದು ಹೊಣೆ ಮಗುವಿನ ಮೇಲಿತ್ತು. ಸಂತೋಷದಿಂದ ಮಾಡುವ ಒಂದು ಹವ್ಯಾಸ, ಹೋಗಿ ಕೂರಲು ಒಂದು ಚರ್ಚು ಅಥವಾ ಸಂಘ ಇತ್ತು. ಇನ್ನೂ ಕುತೂಹಲದ ಸಂಗತಿಯೆಂದರೆ, ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಮಂದಿ ಮೂವತ್ತು ದಾಟುವುದರೊಳಗೆ ಸರಿಹೋಗಿದ್ದರು. ಸೈನ್ಯಕ್ಕೆ ಸೇರಿದ್ದು, ತಡವಾಗಿ ಕಾಲೇಜು ಮೆಟ್ಟಿಲು ಹತ್ತಿದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು ಅದಕ್ಕೆ ಕಾರಣ. ಇವು ಯಾವುವೂ ಮೊಳಕೆಯಲ್ಲಿ ಕಾಣುವಂಥವಲ್ಲ. ಆಗಿನ್ನೂ ಅವು ನಡೆದೇ ಇರಲಿಲ್ಲ.

ಈಗ ಮತ್ತೆ ಹಾರ್ವರ್ಡ್‌ಗೆ ಬರಬೇಕು. ಗ್ಲೂಕ್ ದಂಪತಿ ತೀರಿಕೊಂಡು ವರ್ಷಗಳಾದ ಮೇಲೆ, 1980ರ ದಶಕದ ನಡುವಿನಲ್ಲಿ, ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಎಂಬ ಇಬ್ಬರು ತರುಣ ವಿದ್ವಾಂಸರಿಗೆ ಅಲ್ಲಿನ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆಗಳು ಸಿಕ್ಕವು. ಆ ಸಾವಿರ ಹುಡುಗರ ಮೂಲ ಕಡತಗಳು! ಇಬ್ಬರೂ ವರ್ಷಗಟ್ಟಲೆ ಕುಳಿತು ಅವನ್ನು ಕಂಪ್ಯೂಟರಿಗೆ ಏರಿಸಿದರು. ಸುಧಾರಣಾ ಶಾಲೆಯ ಆ 500 ಹುಡುಗರು ಎಪ್ಪತ್ತು ತಲುಪುವವರೆಗಿನ ಪೊಲೀಸ್ ದಾಖಲೆ, ಮರಣ ದಾಖಲೆಗಳನ್ನು ಕಲೆಹಾಕಿ, 52 ಮಂದಿಯನ್ನು ಹುಡುಕಿಕೊಂಡು ಹೋಗಿ ಮುಖಾಮುಖಿ ಮಾತನಾಡಿಸಿದರು. 1993ರಲ್ಲೊಂದು, 2003ರಲ್ಲೊಂದು ಗ್ರಂಥ ಬಂತು.

ಕೆಲವರು ಬೇಗ ನಿಲ್ಲಿಸಿದ್ದರು, ಕೆಲವರು ತಡವಾಗಿ. ಆದರೆ ಕೊನೆಗೆ ನಿಲ್ಲಿಸದವರು ಬಹಳ ಕಡಿಮೆ. ಯಾರು ಯಾವಾಗ ನಿಲ್ಲಿಸುತ್ತಾರೆ ಎಂಬುದನ್ನು ಬಾಲ್ಯದ ಯಾವ ಅಳತೆಯೂ ಮುಂದಾಗಿ ಹೇಳುವಂತಿರಲಿಲ್ಲ. ಗ್ಲೂಕ್ ದಂಪತಿ ಅಷ್ಟು ಶ್ರದ್ಧೆಯಿಂದ ಕೂಡಿಟ್ಟ ಅಂಕಿಗಳೇ ಅವರ ಕೋಷ್ಟಕದ ವಿರುದ್ಧ ಸಾಕ್ಷಿ ನುಡಿದವು. ಬದುಕು ತಿರುಗಿದ್ದು ಬೆಳೆದ ಮೇಲಿನ ಸಂದರ್ಭಗಳಲ್ಲಿ, ನಿಲುಗಡೆಯ ಒಂದು ಕೆಲಸ, ಹೊಂದಿಕೊಂಡ ಒಂದು ಮದುವೆ, ಊರು ಬಿಟ್ಟು ದೂರ ಒಯ್ದ ಸೈನ್ಯದ ಸೇವೆ. ಮದುವೆಯಾದರೆ ಸರಿಹೋಗುತ್ತಾನೆ ಎಂದು ಹಳ್ಳಿಯ ಹಿರಿಯರು ಹೇಳುವುದಕ್ಕೆ ಇದು ಸಮರ್ಥನೆಯೆಂದು ಯಾರೂ ಹಿಗ್ಗಬೇಕಿಲ್ಲ. ತಾಳಿ ಕಟ್ಟಿದ ಮಾತ್ರಕ್ಕೆ ಏನೂ ಆಗಲಿಲ್ಲ. ಹಳೆಯ ಗೆಳೆಯರ ಗುಂಪು ತಪ್ಪಿ, ಸಂಜೆ ಎಲ್ಲಿರಬೇಕೆಂಬುದು ಬದಲಾಗಿ, ಕಳೆದುಕೊಳ್ಳಲು ಒಂದು ಬೆಲೆಯುಳ್ಳದ್ದು ಕೈಸೇರಿದಾಗ ಆಯಿತು.

ಇಷ್ಟೆಲ್ಲ ಆದ ಮೇಲೆ ಅಳತೆಯನ್ನೇ ಕೈಬಿಡೋಣವೇ? ಅದು ಸಾಧ್ಯವಿಲ್ಲ. ಅಳೆಯದೆ ಬಿಟ್ಟರೆ ಆ ಜಾಗಕ್ಕೆ ಬರುವುದು ಅಧಿಕಾರಿಯ ಅನಿಸಿಕೆ. ಹುಡುಗ ತಲೆ ತಗ್ಗಿಸಿ ನಿಂತನೇ, ಕ್ರಾಪು ಹೇಗಿದೆ, ಯಾವ ಕೇರಿಯವನು ಎಂಬುದೇ ಆಗ ಪರೀಕ್ಷೆಯಾಗುತ್ತದೆ. ಆದ್ದರಿಂದ 2000ದ ದಶಕದ ಆರಂಭದಲ್ಲಿ ರ‍್ಯಾಂಡಿ ಬೋರಮ್, ಪ್ಯಾಟ್ರಿಕ್ ಬಾರ್ಟೆಲ್, ಅಡೆಲ್ ಫೋರ್ತ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಸೇರಿ 12ರಿಂದ 18 ವರ್ಷದವರಿಗಾಗಿ ಬೇರೊಂದು ಬಗೆಯ ಸಾಧನ ರೂಪಿಸಿದರು. 'ಸ್ಯಾವ್ರಿ' ಎಂಬುದು ಅದರ ಹ್ರಸ್ವ ಹೆಸರು. ಅದರಲ್ಲಿ 24 ಅಪಾಯದ ಅಂಶಗಳಿವೆ. ಹತ್ತು ಅಂಶ ಹಿಂದಿನ ಬದುಕಿಗೆ ಸೇರಿದವು: ಎಷ್ಟು ಚಿಕ್ಕ ವಯಸ್ಸಿನಲ್ಲಿ ಹೊಡೆದಾಟ ಶುರುವಾಯಿತು, ಮನೆಯಲ್ಲಿ ಹೊಡೆತ ಕಂಡಿದ್ದಾನೆಯೇ ಎಂಬಂಥವು. ಆರು ಸುತ್ತಲ ಪರಿಸರದವು, ಗೆಳೆಯರು ಎಂಥವರು, ತಂದೆತಾಯಿಯರ ಹಿಡಿತ ಎಷ್ಟು ಎಂಬಂತೆ. ಇನ್ನೆಂಟು ಅವನ ಸ್ವಭಾವದವು. ದುಡುಕು, ಸಿಟ್ಟು, ಅಮಲಿನ ಚಟ ಇತ್ಯಾದಿ. ಇವುಗಳ ಪಕ್ಕದಲ್ಲಿ ಆರು ರಕ್ಷಕ ಅಂಶಗಳಿಗೂ ಜಾಗವಿದೆ: ಒಳ್ಳೆಯ ಚಟುವಟಿಕೆಗಳಲ್ಲಿ ಪಾಲು, ಬೆನ್ನಿಗೆ ನಿಲ್ಲುವ ಜನ, ಗಟ್ಟಿಯಾದ ನಂಟು, ತಿದ್ದಲು ಬರುವವರ ಬಗೆಗೆ ಒಪ್ಪುವ ಮನಸ್ಸು, ಶಾಲೆಯ ಮೇಲಿನ ಆಸಕ್ತಿ, ಪೆಟ್ಟು ತಿಂದರೂ ಎದ್ದು ನಿಲ್ಲುವ ಗುಣ.

ಅಂಶಗಳ ಪಟ್ಟಿಗಿಂತ ಹೆಚ್ಚಿನದು ಅದರ ಬಳಕೆಯ ರೀತಿ. ಇಲ್ಲಿ ಅಂಕ ಕೂಡಿಸಿ ಇಷ್ಟು ದಾಟಿದರೆ ಅಪಾಯ ಎಂದು ಗೆರೆ ಎಳೆಯುವುದಿಲ್ಲ. ಎಲ್ಲ ಅಂಶಗಳನ್ನೂ ನೋಡಲೇಬೇಕೆಂಬ ಕಟ್ಟುಪಾಡು ತಜ್ಞನಿಗಿದೆ; ತೂಗಿ ನೋಡಿ ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಎಂದು ಹೇಳುವ ಹೊಣೆಯೂ ಅವನದೇ. ಮೇಲೆ ಊಹಿಸಿಕೊಂಡ ಚೂರಿಯ ಹುಡುಗನಂಥವರು ಇಬ್ಬರಿದ್ದಾರೆ ಎನ್ನಿ. ಇಬ್ಬರ ಅಪ್ಪಂದಿರೂ ಕುಡುಕರು, ಇಬ್ಬರೂ ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಇಬ್ಬರ ಗೆಳೆಯರೂ ಪುಂಡರು. ಹಳೆಯ ಕೋಷ್ಟಕದಲ್ಲಿ ಇಬ್ಬರಿಗೂ ಒಂದೇ ಅಂಕ. ಆದರೆ ಒಬ್ಬನಿಗೆ ಗ್ಯಾರೇಜು ಇಟ್ಟ ಸೋದರಮಾವ ಒಬ್ಬರಿದ್ದಾರೆ. ಪ್ರತಿ ಭಾನುವಾರ ವೀಕ್ಷಣಾಲಯಕ್ಕೆ ಬಂದು ನೋಡಿಕೊಂಡು ಹೋಗುತ್ತಾರೆ. 'ಹೊರಗೆ ಬಾರೋ, ಪಾನಾ ಹಿಡಿಯೋದು ಕಲಿಸ್ತೀನಿ' ಎನ್ನುತ್ತಾರೆ. ಇನ್ನೊಬ್ಬನನ್ನು ನೋಡಲು ಯಾರೂ ಬಂದಿಲ್ಲ. ಇಬ್ಬರಿಗೂ ಒಂದೇ ಆದೇಶ ಸಲ್ಲದು. ಮೊದಲನೆಯವನಿಗೆ ಆ ಮಾವನ ನಂಟು ಕಡಿಯದಂತೆ ನೋಡಿಕೊಳ್ಳಬೇಕು. ಎರಡನೆಯವನಿಗೆ ಅಂಥ ಒಬ್ಬರನ್ನು ಹುಡುಕಿಕೊಡಬೇಕು. ಹುಡುಗನಲ್ಲಿ ಮೊದಲೇ ಇರುವ ಗುಣವನ್ನು ಎಣಿಸಿ ಮುಗಿಸುವುದು ಒಂದು ಕೆಲಸ. ಇಲ್ಲದ ರಕ್ಷೆಯನ್ನು ಹೊರಗಿನಿಂದ ತಂದುಕೊಡಬಹುದು ಎಂಬುದು ಈ ಅಳತೆಯ ನಿಜವಾದ ಪ್ರಯೋಜನ.

ನೆದರ್ಲೆಂಡ್ಸ್‌ನ ಬಾಲಾಪರಾಧಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ರಕ್ಷಕ ಅಂಶಗಳಿದ್ದ ಹುಡುಗರು ಮತ್ತೆ ಹಿಂಸೆಗಿಳಿದದ್ದು ಕಡಿಮೆ ಎಂದು ಕಂಡುಬಂದಿದೆ. ಅಲ್ಲಿನ ತಜ್ಞರು ಈ ಅಂಶಗಳನ್ನಷ್ಟೇ ಅಳೆಯುವ ಪ್ರತ್ಯೇಕ ಸಾಧನವನ್ನೂ ರೂಪಿಸಿದರು. ರಕ್ಷಕ ಅಂಶವೆಂಬುದು ಅಪಾಯದ ಅಂಶದ ತಿರುವುಮುರುವೇ ಹೊರತು ಬೇರೆಯದಲ್ಲ ಎಂಬ ವಾದವೂ ಉಂಟು. ಆ ಚರ್ಚೆ ಪಂಡಿತರಿಗಿರಲಿ. ಸಾಮಾನ್ಯರು ಗಮನಿಸಬೇಕಾದದ್ದು ಇನ್ನೊಂದಿದೆ. 'ಹಿಂದಿನ ದಾಖಲೆ' ಎಂಬ ಅಂಶ ಹುಡುಗನ ನಡತೆಯನ್ನಷ್ಟೇ ಹೇಳುವುದಿಲ್ಲ. ಪೊಲೀಸರು ಯಾವ ಬೀದಿಗಳಲ್ಲಿ ಹೆಚ್ಚು ತಿರುಗುತ್ತಾರೆ ಎಂಬುದನ್ನೂ ಹೇಳುತ್ತದೆ. ಒಂದೇ ಹೊಡೆದಾಟಕ್ಕೆ ಬಂಗಲೆಯ ಹುಡುಗನಿಗೆ ಬುದ್ಧಿಮಾತು, ಗುಡಿಸಲಿನ ಹುಡುಗನಿಗೆ ಎಫ್‌ಐಆರ್ ಆದಲ್ಲಿ ಅಳತೆಗೋಲೇ ಡೊಂಕಾಗುತ್ತದೆ.

ಕಾಲವೂ ಒಂದು ರಕ್ಷೆ. ಫಿಲಡೆಲ್ಫಿಯಾ ಮತ್ತು ಫೀನಿಕ್ಸ್ ನಗರಗಳಲ್ಲಿ ಗಂಭೀರ ಅಪರಾಧ ಮಾಡಿದ 1,354 ಹದಿಹರೆಯದವರನ್ನು 2000ದಿಂದ ಮೊದಲುಗೊಂಡು ಏಳು ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಮೊದಲ ಮೂರು ವರ್ಷಗಳಲ್ಲೇ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಪರಾಧದಿಂದ ಹಿಂದೆ ಸರಿದಿದ್ದರು ಅಥವಾ ಅದನ್ನು ಬಹಳ ಕಡಿಮೆ ಮಾಡಿದ್ದರು. ಸಂಸ್ಥೆಯೊಳಗೆ ಹೆಚ್ಚು ಕಾಲ ಕೂಡಿಹಾಕಿದ್ದರಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಒಮ್ಮೆ ಮಾಡಿದ ಅಂದಾಜು ಕೆಲವೇ ತಿಂಗಳಲ್ಲಿ ಹಳಸುತ್ತದೆ ಎಂದು ಈ ಸಾಧನಗಳನ್ನು ಬಳಸುವವರು ಹೇಳುವುದು ಇದಕ್ಕಾಗಿಯೇ.

ಇನ್ನು ಭಾರತದ ಮಾತು. 2012ರ ಡಿಸೆಂಬರಿನ ದೆಹಲಿಯ ಘೋರ ಕೃತ್ಯದಲ್ಲಿ ಆರೋಪಿಗಳಲ್ಲೊಬ್ಬ ಹದಿನೆಂಟು ತುಂಬದವನಾಗಿದ್ದ. ಅನಂತರದ ಆಕ್ರೋಶದಲ್ಲಿ ರೂಪುಗೊಂಡದ್ದು 2015ರ ಬಾಲನ್ಯಾಯ ಕಾಯಿದೆ. ಅದರ 15ನೆಯ ಸೆಕ್ಷನ್ ಪ್ರಕಾರ, ಹದಿನಾರು ದಾಟಿದ, ಹದಿನೆಂಟು ತುಂಬದ ಮಗುವಿನ ಮೇಲೆ ಹೇಯ ಅಪರಾಧದ ಆರೋಪವಿದ್ದರೆ ಬಾಲನ್ಯಾಯ ಮಂಡಳಿ ಒಂದು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು. ಆ ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ? ಪರಿಣಾಮವನ್ನು ತಿಳಿಯುವ ಶಕ್ತಿ ಇತ್ತೇ? ಯಾವ ಸಂದರ್ಭದಲ್ಲಿ ಅದು ನಡೆಯಿತು? ಇವನ್ನು ನೋಡಿ, ಅವನನ್ನು ವಯಸ್ಕನೆಂದು ವಿಚಾರಣೆಗೆ ಒಳಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬೇಕೇ ಎಂದು ಮಂಡಳಿ ತೀರ್ಮಾನಿಸುತ್ತದೆ.

ಈ ಪ್ರಶ್ನೆಗಳೆಲ್ಲ ಹಿಂದಕ್ಕೆ ನೋಡುವಂಥವು. ಮುಂದೇನು, ಇವನನ್ನು ಹಿಡಿದು ನಿಲ್ಲಿಸುವವರು ಯಾರಿದ್ದಾರೆ ಎಂದು ಆ ಸೆಕ್ಷನ್ ಕೇಳುವುದಿಲ್ಲ. ಸಾಮರ್ಥ್ಯದ ಪ್ರಶ್ನೆಯೂ ಸುಲಭದ್ದಲ್ಲ. 2005ರಲ್ಲಿ ಪ್ರಕಟವಾದ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಅವರ ಪ್ರಯೋಗದಲ್ಲಿ ಕಾರು ಓಡಿಸುವ ಆಟವೊಂದನ್ನು ಆಡಿಸಿದರು. ಪಕ್ಕದಲ್ಲಿ ಓರಗೆಯ ಗೆಳೆಯರಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು; ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮಂಡಳಿಯ ಶಾಂತ ಕೋಣೆಯಲ್ಲಿ 'ಚೂರಿ ಹಾಕಿದರೆ ಏನಾಗುತ್ತದೆ?' ಎಂದರೆ ಯಾವ ಹುಡುಗನೂ 'ಸಾಯ್ತಾರೆ ಸಾರ್' ಎಂದೇ ಹೇಳುತ್ತಾನೆ. ಆ ರಾತ್ರಿ, ಆ ಗುಂಪಿನ ನಡುವೆ ಅವನಿಗೆ ಅದು ತಿಳಿದಿತ್ತೇ ಎಂಬುದು ಬೇರೆಯ ಮಾತು.

2022ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ, ಇದು ಸೂಕ್ಷ್ಮ ಕೆಲಸ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯ ಬಲ್ಲವರು ಇಲ್ಲದಿದ್ದಲ್ಲಿ ತಜ್ಞರ ನೆರವನ್ನು ಪಡೆಯಲೇಬೇಕು ಎಂದಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದಿಂದ ಮಾರ್ಗಸೂಚಿ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು ಇಂಥ ಮೌಲ್ಯಮಾಪನವನ್ನು ಹೇಗೆ ನಡೆಸಬೇಕೆಂದು ವಿಧಾನ ರೂಪಿಸಿ ತರಬೇತಿಯನ್ನೂ ಕೊಡುತ್ತ ಬಂದಿದ್ದಾರೆ.

ರಕ್ಷಕ ಅಂಶಗಳಿಗೆ ಕಾಯಿದೆಯಲ್ಲಿ ಜಾಗವೇ ಇಲ್ಲವೆಂದಲ್ಲ. ಪರಿವೀಕ್ಷಣಾಧಿಕಾರಿ ಮನೆಗೆ ಹೋಗಿ ತುಂಬಬೇಕಾದ ಸಾಮಾಜಿಕ ತನಿಖಾ ವರದಿಯ ನಮೂನೆಯಲ್ಲಿ ಸಿಗರೇಟು, ಕುಡಿತ, ಜೂಜು ಎಂಬ ಕಾಲಂಗಳ ಪಕ್ಕದಲ್ಲೇ ಆಟ, ಓದು, ಚಿತ್ರ, ಹಾಡು ಎಂಬ ಕಾಲಂಗಳೂ ಇವೆ. ಇನ್ನೊಂದು ಅವಕಾಶ 20ನೆಯ ಸೆಕ್ಷನ್ನಿನಲ್ಲಿದೆ. ಮಕ್ಕಳ ನ್ಯಾಯಾಲಯ ತಪ್ಪಿತಸ್ಥನೆಂದ ಹುಡುಗನನ್ನು ಇಪ್ಪತ್ತೊಂದರವರೆಗೆ ಸೆರೆಮನೆಗೆ ಹಾಕುವಂತಿಲ್ಲ, ಸುರಕ್ಷತಾ ತಾಣದಲ್ಲಿ ಇರಿಸಬೇಕು. ಅಲ್ಲಿ ಓದು, ಕಸುಬು, ಸಲಹೆ ದೊರೆಯಬೇಕು. ಶಿಕ್ಷೆ ಮುಗಿಯುವ ಮೊದಲೇ ಇಪ್ಪತ್ತೊಂದು ತುಂಬಿದರೆ ನ್ಯಾಯಾಲಯ ಅವನನ್ನು ಮತ್ತೊಮ್ಮೆ ಪರಿಶೀಲಿಸುತ್ತದೆ. ಅವನು ಬದಲಾಗಿದ್ದಾನೆಯೇ, ಸಮಾಜಕ್ಕೆ ಉಪಯುಕ್ತನಾಗಬಲ್ಲನೇ ಎಂಬುದು ಆಗಿನ ಪ್ರಶ್ನೆ. ಹೌದಾದರೆ ಷರತ್ತಿನ ಮೇಲೆ ಬಿಡುಗಡೆ, ಇಲ್ಲವಾದರೆ ಉಳಿದ ಅವಧಿಗೆ ಸೆರೆಮನೆ. ಹದಿನಾರರಲ್ಲಿ ಒಂದು ಅಳತೆ, ಇಪ್ಪತ್ತೊಂದರಲ್ಲಿ ಇನ್ನೊಂದು. ನಡುವಿನ ಐದು ವರ್ಷ ಆ ಹುಡುಗನಿಗೆ ಯಾರು ಪಾನಾ ಹಿಡಿಯುವುದನ್ನು ಕಲಿಸಿದರು, ಭಾನುವಾರಗಳಂದು ಯಾರು ಬಂದು ಹೋದರು ಎಂಬುದು ಎರಡನೆಯ ಅಳತೆಯ ದಿನ ಅವನ ಕಡತದಲ್ಲಿರುತ್ತದೆ, ಅಥವಾ ಇರುವುದಿಲ್ಲ.